ಗರಗರ ಅನ್ನುವ ಕಂಪ್ಯೂಟರ್: ಫ್ಯಾನ್ ಬದಲಿಸೋದಾ, ಎಸ್‌ಎಂಪಿಎಸ್ ಬದಲಿಸೋದಾ?

ಜುಲೈ ತಿಂಗಳಲ್ಲಿ ನಮ್ಮ ಮನೆಯ ಕಂಪ್ಯೂಟರ್ ಸದ್ದೇ ಮಾಡುವುದಿಲ್ಲ. ಮಾಡುತ್ತದೆ, ನಮಗೆ ಕೇಳುವುದಿಲ್ಲ ಅಷ್ಟೆ. ತೀರ್ಥಹಳ್ಳಿ ಕಡೆಯ ಮಳೆ ಹೆಂಚಿನ ಮೇಲೆ ಹೊಯ್ಯುತ್ತಿದ್ದರೆ ಪಕ್ಕದಲ್ಲಿ ಕೂತವರ ಮಾತೇ ಕೇಳದು, ಇನ್ನು ಫ್ಯಾನ್ ಸದ್ದು ಯಾವ ಲೆಕ್ಕ? ದೀಪಾವಳಿ ಕಳೆದು ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ರಾತ್ರಿಗಳು ಗಪ್‌ಚುಪ್. ಆಗ ಗೊತ್ತಾಗುತ್ತದೆ ಮೇಜಿನ ಕೆಳಗೆ ಏನು ನಡೆಯುತ್ತಿದೆ ಅಂತ. ಅಂಥ ಒಂದು ರಾತ್ರಿ ಲೆಕ್ಕಪತ್ರ ಟೈಪ್ ಮಾಡುತ್ತ ಕೂತಿದ್ದೆ. ಒಳಗಿನಿಂದ ಹೆಂಡತಿ ಕೂಗಿದಳು: "ರೀ, ಅದೇನು ಅಕ್ಕಿ ಮಿಲ್ ಓಡಿಸ್ತಿದ್ದೀರಾ?"

ಮರುದಿನವೇ ಶಿವಮೊಗ್ಗಕ್ಕೆ ಹೋಗಿ ಎರಡು ಫ್ಯಾನ್ ತಂದು ಹಾಕಿದೆ. ಮಿಲ್ ಓಡುತ್ತಲೇ ಇತ್ತು. ಸದ್ದು ಮಾಡುತ್ತಿದ್ದದ್ದು ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರ್‌ಗೆ ಬೇಕಾದ ಹಾಗೆ ಇಳಿಸಿ ಕೊಡುವ ಡಬ್ಬದ ಒಳಗಿನ ಫ್ಯಾನ್. ನಾನು ಬದಲಿಸಿದ್ದು ಏನೂ ತಪ್ಪು ಮಾಡದ ಕ್ಯಾಬಿನೆಟ್ ಫ್ಯಾನ್. ಆಮೇಲೆ ನೆಂಟರು, ಅಕ್ಕಪಕ್ಕದವರು ಅಂತ ಏಳೆಂಟು ಸಿಸ್ಟಂ ಬಿಚ್ಚಿ ನೋಡಿದೆ. ಹೆಚ್ಚಿನ ಕಡೆ ಇದೇ ಕಥೆ. ಯಾವುದು ಕೂಗುತ್ತಿದೆ ಅಂತ ನೋಡದೆ ದುಡ್ಡು ಹಾಕಿದ್ದಾರೆ. ಹಾಗಾಗಿ ಯಾವ ಫ್ಯಾನ್ ಒಳ್ಳೆಯದು, ಯಾವ ಎಸ್‌ಎಂಪಿಎಸ್ ಒಳ್ಳೆಯದು ಅನ್ನುವ ಮೊದಲು ಕಿವಿಯ ಕೆಲಸ.

ಮೊದಲು ಕಿವಿ, ಆಮೇಲೆ ಸ್ಕ್ರೂ ಡ್ರೈವರ್

ಹಳೆ ಪೇಪರ್ ಸುತ್ತಿ ಒಂದು ಕೊಳವೆ ಮಾಡಿಕೊಳ್ಳಿ. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಒಂದೊಂದೇ ಫ್ಯಾನ್ ಹತ್ತಿರಕ್ಕೆ, ರೆಕ್ಕೆಗೆ ತಾಗದ ಹಾಗೆ. ನಗಬೇಡಿ, ಇದಕ್ಕಿಂತ ಸುಲಭದ ಉಪಾಯ ನನಗೆ ಸಿಕ್ಕಿಲ್ಲ. ಅನುಮಾನ ಪಡಬೇಕಾದ ಜಾಗ ನಾಲ್ಕು: ಪ್ರೊಸೆಸರ್ ಮೇಲಿನ ಫ್ಯಾನ್, ಕ್ಯಾಬಿನೆಟ್ ಫ್ಯಾನ್, ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದರ ಫ್ಯಾನ್, ಎಸ್‌ಎಂಪಿಎಸ್ ಫ್ಯಾನ್. ಇನ್ನೂ ಅನುಮಾನ ಇದ್ದರೆ ಸಿಸ್ಟಂ ಆಫ್ ಮಾಡಿ, ಕ್ಯಾಬಿನೆಟ್ ಫ್ಯಾನ್‌ನ ವೈರ್ ಕಿತ್ತು, ಎರಡು ನಿಮಿಷ ಓಡಿಸಿ ಕೇಳಿ. ಪ್ರೊಸೆಸರ್ ಫ್ಯಾನ್‌ನದ್ದು ಮಾತ್ರ ಕೀಳಬೇಡಿ.

ಸದ್ದಿನ ಜಾತಿಯೂ ಮುಖ್ಯ. ಬೆಳಿಗ್ಗೆ ಆನ್ ಮಾಡಿದಾಗ ಗರಗರ ಅಂದು, ಹತ್ತು ನಿಮಿಷ ಬಿಸಿಯಾದ ಮೇಲೆ ಕಡಿಮೆಯಾದರೆ ಬೇರಿಂಗ್ ಒಣಗಿದೆ ಅಂತ ಅರ್ಥ, ಫ್ಯಾನ್ ಬದಲಿಸುವ ಕಾಲ ಬಂದಿದೆ. ಒಂದೇ ಸಮ ಬುಸ್ ಅಂತ ಗಾಳಿ ಸದ್ದಾದರೆ ಫ್ಯಾನ್ ಸರಿಯಾಗಿಯೇ ಇದೆ, ಒಳಗೆ ಬಿಸಿ ಜಾಸ್ತಿಯಾಗಿ ಜೋರಾಗಿ ತಿರುಗುತ್ತಿದೆ. ಟಕಟಕ ಅಂದರೆ ಯಾವುದೋ ವೈರ್ ರೆಕ್ಕೆಗೆ ತಾಗುತ್ತಿದೆ. ಗುಂಯ್ ಅಂತ ಬಂದು ಹೋಗುವ ಸದ್ದಾದರೆ ಕ್ಯಾಬಿನೆಟ್‌ನ ಪಕ್ಕದ ತಗಡನ್ನು ಅಂಗೈಯಿಂದ ಒತ್ತಿ ನೋಡಿ. ನಿಂತರೆ ಎರಡು ಸ್ಕ್ರೂ ಬಿಗಿ ಮಾಡಿದರೆ ಮುಗಿಯಿತು, ಒಂದು ಪೈಸೆ ಖರ್ಚಿಲ್ಲ. ಸೊಳ್ಳೆಯ ಹಾಗೆ ಸಣ್ಣಗೆ ಕೀಂ ಅನ್ನುವುದು, ಗೇಮ್ ಆಡುವಾಗ ಅಥವಾ ಪುಟ ಮೇಲೆ ಕೆಳಗೆ ಸರಿಸುವಾಗ ಸ್ವರ ಬದಲಾಗುವುದು, ಇದು ಫ್ಯಾನ್ ಅಲ್ಲ. ಕರೆಂಟ್ ಏರಿಳಿದಾಗ ಒಳಗಿನ ಕಾಯಿಲ್‌ಗಳೇ ನಡುಗುವ ಸದ್ದು. ಎಷ್ಟು ಫ್ಯಾನ್ ಬದಲಿಸಿದರೂ ಹೋಗದು. ಇನ್ನು ಕಟಕಟ ಅಂತ ಹಾರ್ಡ್ ಡಿಸ್ಕ್ ಹೇಳುತ್ತಿದ್ದರೆ ಇದನ್ನು ಓದುವುದು ಬಿಟ್ಟು ಮೊದಲು ಫೋಟೋ, ಪಹಣಿ, ಲೆಕ್ಕ ಎಲ್ಲ ಬೇರೆ ಕಡೆ ಕಾಪಿ ಮಾಡಿಕೊಳ್ಳಿ.

ಬುಸ್ ಸದ್ದಿಗೆ ಅರ್ಧ ಸಲ ಮದ್ದು ಬ್ರಷ್. ಅಡಿಕೆ ಸುಲಿಯುವ ಮನೆಯ ಧೂಳು ಬೇರೆಯೇ ತರಹದ್ದು. ಸಿಪ್ಪೆಯ ನಾರು, ಬಚ್ಚಲೊಲೆಯ ಹೊಗೆ, ಮಳೆಗಾಲದ ಥಂಡಿ ಮೂರೂ ಸೇರಿ ಪ್ರೊಸೆಸರ್‌ನ ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ಮೇಲೆ ಕಂಬಳಿ ಹೊದಿಸಿದ ಹಾಗೆ ಕೂತಿರುತ್ತದೆ. ಬ್ಲೋವರ್ ಒಂದಕ್ಕೇ ಅದು ಜಗ್ಗದು. ಒಣ ಬ್ರಷ್ ಹಿಡಿದು ಉಜ್ಜಬೇಕು. ಬ್ಲೋವರ್ ಹಿಡಿಯುವಾಗ ರೆಕ್ಕೆಯನ್ನು ಬೆರಳಿಂದ ಹಿಡಿದುಕೊಳ್ಳಿ. ಬುರ್ರನೆ ತಿರುಗಲು ಬಿಟ್ಟರೆ ಬೇರಿಂಗ್‌ಗೆ ಪೆಟ್ಟು, ಮೋಟಾರ್ ಡೈನಮೋ ಆಗಿ ಉಲ್ಟಾ ಕರೆಂಟ್ ಕಳಿಸುವುದೂ ಉಂಟು. ಪ್ರೊಸೆಸರ್‌ಗೂ ಹೀಟ್‌ಸಿಂಕ್‌ಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ನಾಲ್ಕೈದು ವರ್ಷ ಹಳೆಯದಾಗಿದ್ದರೆ ಅದನ್ನೂ ಹೊಸದು ಹಚ್ಚಿ.

ಗರಗರ ಅನ್ನುವ ಸಾದಾ ಫ್ಯಾನ್‌ಗೆ ಎಣ್ಣೆ ಬಿಡುವ ವಿದ್ಯೆ ಎಲ್ಲರಿಗೂ ಗೊತ್ತು. ಸ್ಟಿಕರ್ ಎಬ್ಬಿಸಿ ಹೊಲಿಗೆ ಮಿಷನ್ ಎಣ್ಣೆ ಒಂದು ತೊಟ್ಟು ಬಿಟ್ಟರೆ ಸ್ವಲ್ಪ ದಿನ ನಡೆಯುತ್ತದೆ, ಹೊಸದು ಬರುವ ತನಕ. ಕೊಬ್ಬರಿ ಎಣ್ಣೆ ಮಾತ್ರ ಬೇಡ ಮಾರಾಯ್ರೆ. ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲೇ ಗಟ್ಟಿಯಾಗುವ ಎಣ್ಣೆ ಬೇರಿಂಗ್ ಒಳಗೆ ಇನ್ನೇನು ಮಾಡೀತು?

ಫ್ಯಾನ್‌ಗಳ ನಡುವೆ

ಮೊದಲ ಆಯ್ಕೆ ಅಳತೆ. ಹಳೆ ಕ್ಯಾಬಿನೆಟ್ ಹಿಂದೆ 80 ಅಥವಾ 92 ಮಿಲಿಮೀಟರ್ ಫ್ಯಾನ್ ಇರುತ್ತದೆ, ಈಗಿನದಕ್ಕೆ 120 ಅಥವಾ 140. ದೊಡ್ಡ ರೆಕ್ಕೆ ನಿಧಾನವಾಗಿ ತಿರುಗಿಯೂ ಸಣ್ಣ ರೆಕ್ಕೆ ಜೋರಾಗಿ ತಿರುಗಿದಷ್ಟೇ ಗಾಳಿ ತಳ್ಳುತ್ತದೆ. ಎರಡು ಅಳತೆಯ ತೂತು ಇರುವ ಕ್ಯಾಬಿನೆಟ್ ಆದರೆ ಯೋಚನೆ ಮಾಡದೆ ದೊಡ್ಡದು ತನ್ನಿ. ತೂತಿನಿಂದ ತೂತಿಗಲ್ಲ, ಹಳೆ ಫ್ಯಾನ್‌ನ ಚೌಕಟ್ಟಿನ ಅಂಚಿನಿಂದ ಅಂಚಿಗೆ ಅಳೆಯಿರಿ. ನಾನು ಒಂದು ಸಲ ತೂತು ಅಳೆದು ಹೋಗಿ ಬರಿಗೈಯಲ್ಲಿ ಬಂದಿದ್ದೇನೆ.

ವೇಗದ ಲೆಕ್ಕ ಸ್ವಲ್ಪ ಮಜವಾಗಿದೆ. ಒಂದು ಫ್ಯಾನ್‌ನ ವೇಗ ಅರ್ಧಕ್ಕೆ ಇಳಿಸಿದರೆ ಗಾಳಿಯೂ ಹೆಚ್ಚು ಕಡಿಮೆ ಅರ್ಧ ಆಗುತ್ತದೆ. ಆದರೆ ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತದೆ. ಹತ್ತು ಡೆಸಿಬಲ್ ಇಳಿದರೇ ಕಿವಿಗೆ ಅರ್ಧ ಸದ್ದು ಅನ್ನಿಸುತ್ತದೆ. ಅದೇ ವೇಗದ ಇನ್ನೊಂದು ಫ್ಯಾನ್ ಪಕ್ಕದಲ್ಲಿಟ್ಟರೆ ಜಾಸ್ತಿಯಾಗುವುದು 3 ಡೆಸಿಬಲ್ ಮಾತ್ರ. ಅಂದರೆ ಓಡೋಡಿ ದಣಿಯುವ ಒಂದು ಫ್ಯಾನ್‌ಗಿಂತ ನಿಧಾನಕ್ಕೆ ತಿರುಗುವ ಎರಡು ಫ್ಯಾನ್ ವಾಸಿ. ಗಾಳಿ ಅಷ್ಟೇ, ಸದ್ದು ಸುಮಾರು 12 ಡೆಸಿಬಲ್ ಕಡಿಮೆ.

ಎರಡನೆಯದು ಬೇರಿಂಗ್. ಇಲ್ಲಿ ಅಂಗಡಿಯವರು ಹೇಳುವುದಿಲ್ಲ, ನಾವು ಕೇಳುವುದಿಲ್ಲ. ಮುನ್ನೂರು ನಾನ್ನೂರು ರೂಪಾಯಿಯ ಫ್ಯಾನ್‌ನಲ್ಲಿ ಹೆಚ್ಚಾಗಿ ಇರುವುದು ಸ್ಲೀವ್ ಬೇರಿಂಗ್. ಹೊಸತರಲ್ಲಿ ಇದರಷ್ಟು ಪಾಪದ್ದು ಇನ್ನೊಂದಿಲ್ಲ, ಸದ್ದೇ ಇಲ್ಲ. ಬಿಸಿಗೆ ಗ್ರೀಸ್ ಒಣಗಿದ ಮೇಲೆ ಶುರುವಾಗುತ್ತದೆ ಗರಗರ. ಮಲಗಿಸಿ, ಅಂದರೆ ರೆಕ್ಕೆ ಮೇಲೆ ಅಥವಾ ಕೆಳಗೆ ನೋಡುವ ಹಾಗೆ ಹಾಕಿದರೆ ಇನ್ನೂ ಬೇಗ. ಬಾಲ್ ಬೇರಿಂಗ್ ಇದಕ್ಕೆ ಉಲ್ಟಾ. ಮೊದಲ ದಿನದಿಂದ ಸಣ್ಣಗೆ ಗುರ್ ಅನ್ನುತ್ತದೆ, ಆದರೆ ಬಿಸಿ ತಡೆಯುತ್ತದೆ, ಹೇಗೆ ಮಲಗಿಸಿದರೂ ಓಡುತ್ತದೆ. ಅಂಗಡಿಯ ಬಿಲ್ಲಿಂಗ್ ಮಿಷನ್‌ಗೆ ಸರಿ, ಮಲಗುವ ಕೋಣೆಗೆ ಬೇಡ. ರೈಫಲ್ ಬೇರಿಂಗ್ ಅನ್ನುವುದು ಸ್ಲೀವ್‌ನ ಸುಧಾರಿಸಿದ ರೂಪ, ನಡುವಿನದು. ಫ್ಲೂಯಿಡ್ ಡೈನಾಮಿಕ್ ಬೇರಿಂಗ್‌ನಲ್ಲಿ ಎಣ್ಣೆಯ ತೆಳು ಪದರದ ಮೇಲೆ ದಂಡ ತೇಲುತ್ತದೆ. ಸದ್ದೂ ಕಡಿಮೆ, ಬಾಳಿಕೆಯೂ ಜಾಸ್ತಿ. ನಾನು ಈಗ ಇದನ್ನು ಬಿಟ್ಟು ಬೇರೆ ತರುವುದಿಲ್ಲ.

ಈ ಜಾತಿಯಲ್ಲಿ ಎಲ್ಲರ ಬಾಯಲ್ಲಿ ಓಡಾಡುವ ಹೆಸರು ಎರಡು. ಆರ್ಕ್ಟಿಕ್ ಪಿ12, ಮತ್ತು ಆಸ್ಟ್ರಿಯಾದ ನಾಕ್ಟುವಾ ಕಂಪನಿಯ ಎನ್‌ಎಫ್-ಎ12x25. ನಾಕ್ಟುವಾದ್ದು ಹಾಲು ಜಾಸ್ತಿ ಹಾಕಿದ ಕಾಫಿ ಬಣ್ಣ, ನೋಡಿದ ತಕ್ಷಣ ಗೊತ್ತಾಗುತ್ತದೆ. ಆರು ವರ್ಷದ ಗ್ಯಾರಂಟಿ, ನಡುಕ ತಡೆಯುವ ರಬ್ಬರ್ ಪಿನ್‌ಗಳು ಜೊತೆಗೇ ಬರುತ್ತವೆ. ಬೆಲೆ ಆರ್ಕ್ಟಿಕ್‌ನ ಮೂರು ಪಟ್ಟಿನ ಆಸುಪಾಸು. ಮೂರು ಪಟ್ಟು ಕಡಿಮೆ ಸದ್ದಾ? ಖಂಡಿತ ಅಲ್ಲ. ಮನೆಕೆಲಸದ ಸಿಸ್ಟಂಗೆ ಒಂದು ನಾಕ್ಟುವಾ ಬದಲು ಎರಡು ಆರ್ಕ್ಟಿಕ್ ಹಾಕಿ ವೇಗ ಇಳಿಸುವುದೇ ಬುದ್ಧಿವಂತಿಕೆ. ತಾಳಮದ್ದಳೆ ರೆಕಾರ್ಡ್ ಮಾಡುವವರು, ಮೈಕ್ ಪಕ್ಕದಲ್ಲೇ ಕಂಪ್ಯೂಟರ್ ಇಟ್ಟುಕೊಳ್ಳುವವರು ಬೇಕಾದರೆ ನಾಕ್ಟುವಾಗೆ ದುಡ್ಡು ಕೊಡಲಿ. ಬಣ್ಣದ ಲೈಟಿನ ಫ್ಯಾನ್ ಬಗ್ಗೆ ನನ್ನ ಅಭಿಪ್ರಾಯ ಕೇಳಬೇಡಿ. ಮಳೆಹುಳಕ್ಕೆ ಮಾನಿಟರ್ ಬೆಳಕೇ ಸಾಕು.

ಹುಳದ ಮಾತು ಬಂತಲ್ಲ, ನಮ್ಮ ಕಡೆ ಕ್ಯಾಬಿನೆಟ್ ಮುಂದೆ ಜಾಲರಿ ಬೇಕೇ ಬೇಕು. ಮಳೆಹುಳ, ಇರುವೆ, ಹಲ್ಲಿ, ಜಿರಲೆ ಎಲ್ಲಕ್ಕೂ ಬೆಚ್ಚಗಿನ ಜಾಗ ಇಷ್ಟ. ಸೊಳ್ಳೆ ಪರದೆಯ ಬಟ್ಟೆ ಕತ್ತರಿಸಿ ಅಂಟಿಸಿದರೂ ನಡೆಯುತ್ತದೆ. ಆದರೆ ಜಾಲರಿ ಗಾಳಿಗೆ ಅಡ್ಡ ಬರುತ್ತದೆ. ಆದ್ದರಿಂದ ಡಬ್ಬದ ಮೇಲೆ ಎಷ್ಟು ಗಾಳಿ ಅನ್ನುವ ಸಿಎಫ್‌ಎಂ ಅಂಕಿ ಮಾತ್ರ ನೋಡಬೇಡಿ, ಒತ್ತಡದ ಅಂಕಿಯನ್ನೂ ನೋಡಿ. ಸ್ಟ್ಯಾಟಿಕ್ ಪ್ರೆಶರ್ ಅಂತ ಬರೆದಿರುತ್ತದೆ. ಜಾಲರಿ ಹಿಂದೆ, ಹೀಟ್‌ಸಿಂಕ್ ಮೇಲೆ ಒತ್ತಡದ ಫ್ಯಾನ್. ಏನೂ ಅಡ್ಡ ಇಲ್ಲದ ಹಿಂಬದಿಗೆ ಯಾವುದಾದರೂ ಸರಿ.

ಕೊನೆಯದು ಪಿನ್. ಮೂರು ಪಿನ್ ಫ್ಯಾನ್‌ನ ವೇಗ ಇಳಿಸಲು ಮದರ್‌ಬೋರ್ಡ್ ವೋಲ್ಟೇಜ್ ಇಳಿಸುತ್ತದೆ. ತೀರಾ ಇಳಿಸಿದರೆ ಕೆಲವು ನಿಂತೇ ಹೋಗುತ್ತವೆ. ನಾಲ್ಕು ಪಿನ್‌ನ ಪಿಡಬ್ಲ್ಯೂಎಂ ಫ್ಯಾನ್‌ಗೆ 12 ವೋಲ್ಟ್ ಪೂರ್ತಿ ಸಿಗುತ್ತದೆ, ವೇಗದ ಅಪ್ಪಣೆ ನಾಲ್ಕನೇ ವೈರಿನಲ್ಲಿ ಬೇರೆ ಬರುತ್ತದೆ. ನಿಧಾನದಲ್ಲೂ ಇದು ಹದವಾಗಿ ಓಡುತ್ತದೆ. ಎಸ್‌ಎಂಪಿಎಸ್‌ನ ದಪ್ಪ ಬಿಳಿ ಕನೆಕ್ಟರ್‌ಗೆ ನೇರ ಸಿಗಿಸುವ ಫ್ಯಾನ್ ಮಾತ್ರ ತರಬೇಡಿ. ಅದು ಬೆಳಿಗ್ಗೆಯಿಂದ ರಾತ್ರಿವರೆಗೂ ಪೂರ್ತಿ ವೇಗದಲ್ಲೇ ಓಡುತ್ತದೆ, ಹೇಳುವವರು ಕೇಳುವವರು ಇಲ್ಲ. ನಾಲ್ಕು ಪಿನ್‌ನದ್ದು ತಂದ ಮೇಲೆ ಬಯೋಸ್‌ಗೆ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪುಟ) ಹೋಗಿ ವೇಗದ ಗೆರೆಯನ್ನು ತಗ್ಗಿಸುವುದನ್ನು ಮರೆಯಬೇಡಿ. ಎಷ್ಟೋ ಜನ ಒಳ್ಳೆ ಫ್ಯಾನ್ ತಂದು ಹಳೆ ವೇಗದಲ್ಲೇ ಓಡಿಸುತ್ತಿರುತ್ತಾರೆ.

ಎಸ್‌ಎಂಪಿಎಸ್: ಫ್ಯಾನ್ ಮಾತ್ರವಾ, ಪೂರ್ತಿಯಾ?

ಸದ್ದು ಎಸ್‌ಎಂಪಿಎಸ್‌ನದ್ದೇ ಅಂತ ಖಾತ್ರಿಯಾಯಿತು ಅನ್ನಿ. ಈಗ ಎರಡು ದಾರಿ. ಬಿಚ್ಚಿ ಒಳಗಿನ ಫ್ಯಾನ್ ಮಾತ್ರ ಬದಲಿಸುವುದು, ಅಥವಾ ಡಬ್ಬವನ್ನೇ ಬದಲಿಸುವುದು.

ಮೊದಲ ದಾರಿ ಅಗ್ಗ. ಆದರೆ ಒಳಗೆ ಕರೆಂಟ್ ಕೂಡಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರ್‌ನಲ್ಲಿ ಮುನ್ನೂರು ವೋಲ್ಟ್‌ಗೂ ಮೇಲೆ ಡಿಸಿ ತುಂಬಿರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿಯಬಹುದು. ಮುಟ್ಟಿದರೆ ಜೀವಕ್ಕೇ ಅಪಾಯ. ಟಿವಿ ರಿಪೇರಿ ಗೊತ್ತಿರುವ ಕೈ ಆದರೆ ಸರಿ, ಇಲ್ಲದಿದ್ದರೆ ಆ ನಾಲ್ಕು ಸ್ಕ್ರೂ ಮುಟ್ಟುವುದೇ ಬೇಡ. ಜೊತೆಗೆ ಗ್ಯಾರಂಟಿ ಹೋಗುತ್ತದೆ. ಏಳೆಂಟು ವರ್ಷದ ಎಸ್‌ಎಂಪಿಎಸ್‌ನಲ್ಲಿ ಫ್ಯಾನ್ ಒಂದೇ ಅಲ್ಲ, ಕೆಪಾಸಿಟರ್‌ಗಳಿಗೂ ವಯಸ್ಸಾಗಿರುತ್ತದೆ. ಹಳೆ ಛತ್ರಿಗೆ ಹೊಸ ಹಿಡಿ ಹಾಕಿಸಿದ ಹಾಗೆ. ಗ್ಯಾರಂಟಿ ಒಳಗಿದ್ದರೆ ಕಂಪನಿಗೆ ಕಳಿಸಿ, ಮುಗಿದಿದ್ದರೆ ಹೊಸದು ತನ್ನಿ. ನನ್ನ ಮಟ್ಟಿಗೆ ಮೂರನೇ ದಾರಿ ಇಲ್ಲ.

ಹೊಸದರಲ್ಲಿ ಜನ ಮೊದಲು ನೋಡುವುದು ವ್ಯಾಟ್. ಡಬ್ಬದ ಮೇಲಿನ ದೊಡ್ಡ ಅಂಕಿ ನಂಬಬೇಡಿ, ಪಕ್ಕದ ಚೀಟಿ ಓದಿ. ಅದರಲ್ಲಿ 12 ವೋಲ್ಟ್‌ನ ಕೆಳಗೆ ಎಷ್ಟು ಆಂಪ್ ಅಂತ ಇರುತ್ತದೆ. ಈಗಿನ ಕಂಪ್ಯೂಟರ್ ಬಹುಪಾಲು ಬದುಕುವುದೇ 12 ವೋಲ್ಟ್ ಮೇಲೆ. 37 ಆಂಪ್ ಇದ್ದರೆ 12ರಿಂದ ಗುಣಿಸಿ, 444 ವ್ಯಾಟ್. ಅದು ನಿಜವಾದ 450. ನನ್ನ ಹಳೆಯದರ ಮೇಲೆ 450 ಅಂತ ದಪ್ಪಕ್ಷರದಲ್ಲಿತ್ತು, ಚೀಟಿಯಲ್ಲಿ ಇದ್ದದ್ದು 14 ಆಂಪ್. ಲೆಕ್ಕ ಹಾಕಿದರೆ 168 ವ್ಯಾಟ್! ಕೈಯಲ್ಲಿ ಹಿಡಿದರೆ ಖಾಲಿ ಅಡಿಕೆ ಡಬ್ಬಿಯ ಹಾಗೆ ಹಗುರ. ಕಡಿಮೆ ಶಕ್ತಿಯದ್ದು ಏದುಸಿರು ಬಿಟ್ಟು ಬಿಸಿಯಾಗುತ್ತದೆ, ಬಿಸಿಯಾದದ್ದಕ್ಕೆ ಫ್ಯಾನ್ ಕೂಗುತ್ತದೆ.

ಎರಡನೆಯದು 80 ಪ್ಲಸ್ ಗುರುತು. ಬರಿ 80 ಪ್ಲಸ್, ಬ್ರಾಂಜ್, ಗೋಲ್ಡ್ ಹೀಗೆ. ಇದು ಸದ್ದಿನ ಗುರುತಲ್ಲ, ಎಷ್ಟು ಕರೆಂಟ್ ಬಿಸಿಯಾಗಿ ಪೋಲಾಗುತ್ತದೆ ಅನ್ನುವುದರ ಗುರುತು. ಆದರೆ ಬಿಸಿಗೂ ಸದ್ದಿಗೂ ನಂಟಿದೆ. ಅರ್ಧ ಭಾರದಲ್ಲಿ, ಅಂದರೆ ಅದರ ಶಕ್ತಿಯ ಅರ್ಧ ಮಾತ್ರ ಕೇಳಿದಾಗ, 115 ವೋಲ್ಟ್ ಪರೀಕ್ಷೆಯಲ್ಲಿ, ಎಳೆದ ಕರೆಂಟಿನಲ್ಲಿ ಶೇ. 85 ಕಂಪ್ಯೂಟರ್‌ಗೆ ತಲುಪಿದರೆ ಬ್ರಾಂಜ್, ಶೇ. 90 ತಲುಪಿದರೆ ಗೋಲ್ಡ್. ಕಂಪ್ಯೂಟರ್ 200 ವ್ಯಾಟ್ ಕೇಳಿದಾಗ ಬ್ರಾಂಜ್ ಒಳಗೆ ಸುಮಾರು 35 ವ್ಯಾಟ್ ಬಿಸಿ, ಗೋಲ್ಡ್ ಒಳಗೆ 22. ಆ 13 ವ್ಯಾಟ್ ವ್ಯತ್ಯಾಸಕ್ಕೆ ಕರೆಂಟ್ ಬಿಲ್ ಏನೂ ಇಳಿಯದು, ಫ್ಯಾನ್‌ಗೆ ಮಾತ್ರ ನೆಮ್ಮದಿ. ಸದ್ದನ್ನೇ ಅಳೆದು ಗುರುತು ಕೊಡುವುದು ಸೈಬೆನೆಟಿಕ್ಸ್ ಅನ್ನುವ ಸಂಸ್ಥೆ. ಅವರ ಲ್ಯಾಂಬ್ಡಾ ಪಟ್ಟಿಯಲ್ಲಿ 'ಎ' ಅಂದರೆ 20ರಿಂದ 25 ಡೆಸಿಬಲ್, 'ಎ ಮೈನಸ್' 25ರಿಂದ 30. ಎರಡರಲ್ಲಿ ಯಾವುದಿದ್ದರೂ ನಮ್ಮ ಮನೆಗಳಿಗೆ ಧಾರಾಳ.

ಕೆಲವು ಗೋಲ್ಡ್‌ಗಳಲ್ಲಿ ಭಾರ ಕಡಿಮೆ ಇದ್ದಾಗ ಫ್ಯಾನ್ ನಿಂತೇ ಇರುತ್ತದೆ. ಸೀಸಾನಿಕ್ ಫೋಕಸ್ ಜಿಎಕ್ಸ್‌ನಲ್ಲಿ ಇದಕ್ಕೆ ಹಿಂದೆ ಒಂದು ಗುಂಡಿಯೇ ಇದೆ, ಹತ್ತು ವರ್ಷದ ಗ್ಯಾರಂಟಿ. ಟೈಪಿಂಗ್, ಯೂಟ್ಯೂಬ್ ಇಷ್ಟೇ ಆದರೆ ದಿನವಿಡೀ ಫ್ಯಾನ್ ತಿರುಗುವುದೇ ಇಲ್ಲ. ಆನ್ ಆಯ್ತೋ ಇಲ್ಲವೋ ಅಂತ ಅನುಮಾನ ಬರುವಷ್ಟು ನಿಶ್ಶಬ್ದ. ಫ್ಯಾನೇ ಇಲ್ಲದ ಎಸ್‌ಎಂಪಿಎಸ್ ಕೂಡ ಸಿಗುತ್ತವೆ. ಬೆಲೆ ಕೇಳಿದರೆ ಸದ್ದು ನಮ್ಮ ಬಾಯಿಂದ ಬರುತ್ತದೆ. ಕ್ಯಾಬಿನೆಟ್ ಒಳಗೆ ಗಾಳಿ ಚೆನ್ನಾಗಿ ಆಡಬೇಕು, ಧೂಳು ಕೂತರೆ ತಳ್ಳುವವರಿಲ್ಲ. ನಾನಂತೂ ಬೇಡ ಅನ್ನುತ್ತೇನೆ.

ನಮ್ಮ ಕರೆಂಟಿಗೆ ಯಾವುದು?

ಹೊರಗಿನವರು ಬರೆದ ಹೋಲಿಕೆಗಳಲ್ಲಿ ಈ ಭಾಗ ಇರುವುದಿಲ್ಲ. ಲೈನಿನ ಕೊನೆಯ ಮನೆಗಳಲ್ಲಿ ಸಂಜೆ ಪಂಪ್‌ಸೆಟ್ ಶುರುವಾದರೆ ವೋಲ್ಟೇಜ್ 230 ಇರಬೇಕಾದದ್ದು 170ಕ್ಕೆ ಕೂರುತ್ತದೆ. ಚೀಟಿಯಲ್ಲಿ ಇನ್‌ಪುಟ್ ಅನ್ನುವ ಸಾಲು ನೋಡಿ. ಅಗ್ಗದವು 200ರಿಂದ 240 ವೋಲ್ಟ್‌ಗೆ ಮಾತ್ರ. ಒಳ್ಳೆಯವು 100ರಿಂದ 240. ಇದಕ್ಕೆ 170 ವೋಲ್ಟ್ ಅಂದರೆ ಲೆಕ್ಕಕ್ಕೇ ಇಲ್ಲ, ಸ್ಟೆಬಿಲೈಸರ್ ಕೂಡ ಬೇಕಿಲ್ಲ. ಬ್ರಾಂಜ್‌ನಲ್ಲೂ ಕೆಲವು 200-240 ಇರುತ್ತವೆ, ಮೋಸಹೋಗಬೇಡಿ. ನನ್ನ ಮಟ್ಟಿಗೆ ನಮ್ಮ ಕಡೆ ಗೋಲ್ಡೋ ಬ್ರಾಂಜೋ ಅನ್ನುವುದಕ್ಕಿಂತ ಈ ಒಂದು ಸಾಲು ದೊಡ್ಡದು.

ಆದರೆ ಇದರ ಜೊತೆಗೊಂದು ಕಿರಿಕಿರಿ. ಇಂಥವುಗಳಲ್ಲಿ ಗೋಡೆಯಿಂದ ಕರೆಂಟನ್ನು ಹದವಾಗಿ ಎಳೆದುಕೊಳ್ಳುವ ಆ್ಯಕ್ಟಿವ್ ಪಿಎಫ್‌ಸಿ ಅನ್ನುವ ಸರ್ಕ್ಯೂಟ್ ಇರುತ್ತದೆ. ಮನೆಗಳಲ್ಲಿರುವ ಸಣ್ಣ 600 ವಿಎ ಯುಪಿಎಸ್ ಬ್ಯಾಟರಿಗೆ ಬಂದಾಗ ಕೊಡುವುದು ನುಣುಪಾದ ಅಲೆಯಲ್ಲ, ಮೆಟ್ಟಿಲು ಮೆಟ್ಟಿಲಾದ ಅಲೆ. ಕೆಲವು ಜೋಡಿಗಳು ಹೊಂದುವುದಿಲ್ಲ. ಕರೆಂಟ್ ಹೋದ ಕ್ಷಣ ಯುಪಿಎಸ್ ಇದ್ದೂ ಸಿಸ್ಟಂ ಪಟ್ ಅಂತ ಆಫ್. ಹೊಸ ಎಸ್‌ಎಂಪಿಎಸ್ ಹಾಕಿದ ದಿನವೇ, ಏನೂ ಮುಖ್ಯ ಕೆಲಸ ತೆರೆದಿಡದೆ, ಯುಪಿಎಸ್‌ನ ಪ್ಲಗ್ ಗೋಡೆಯಿಂದ ಕಿತ್ತು ನೋಡಿ. ಮೂರ್ನಾಲ್ಕು ಸಲ. ಪ್ಯೂರ್ ಸೈನ್ ವೇವ್ ಇನ್ವರ್ಟರ್ ಇರುವ ಮನೆಯಲ್ಲಿ ಅಲೆಯ ಈ ತಕರಾರು ಇರದು.

ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುತ್ತದಾ? ಅದು ಎಸ್‌ಎಂಪಿಎಸ್ ಕೆಟ್ಟದ್ದಲ್ಲ, ಬಹುಮಟ್ಟಿಗೆ ಅರ್ಥಿಂಗ್ ಇಲ್ಲದ್ದು. ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಸಣ್ಣ ಸೋರಿಕೆ ಇರುತ್ತದೆ. ಅರ್ಥ್ ವೈರ್ ಸರಿಯಿದ್ದರೆ ನೆಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ನಿಮ್ಮ ಬೆರಳಿಗೆ. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ಥಿಂಗ್ ಗುಂಡಿಗೆ ನೀರು ಹಾಕುವ ಪದ್ಧತಿ ಅದಕ್ಕೇ. ಹೊಸದು ತಂದರೂ ಈ ಜುಂ ಹೋಗದು, ವೈರಿಂಗ್‌ನವರನ್ನು ಕರೆಸಿ. ಏಪ್ರಿಲ್ ಮೇ ಸಿಡಿಲಿಗೆ ಮಾತ್ರ ಯಾವ ಎಸ್‌ಎಂಪಿಎಸ್ಸೂ ಆಗದು. ಮೋಡ ಕಟ್ಟಿದಾಗಲೇ, ಗುಡುಗು ಶುರುವಾಗುವ ಮೊದಲು ಪ್ಲಗ್ ಕೀಳಿ, ಇಂಟರ್ನೆಟ್ ವೈರ್ ಕೂಡ.

ಕೆಳಗೆ ಎಸ್‌ಎಂಪಿಎಸ್ ಇರುವ ಕ್ಯಾಬಿನೆಟ್ ಆದರೆ ಇನ್ನೊಂದು ವಿಷಯ. ಅದರ ಫ್ಯಾನ್ ನೆಲದ ಕಡೆಯಿಂದ ಗಾಳಿ ಎಳೆಯುತ್ತದೆ. ನಮ್ಮ ನೆಲ ಮಳೆಗಾಲದಲ್ಲಿ ಬೆವರುತ್ತದೆ, ಬೇಸಿಗೆಯಲ್ಲಿ ಧೂಳು. ಊಟದ ಮಣೆಯೋ ಹಲಗೆಯೋ ಇಟ್ಟು ಅದರ ಮೇಲೆ ಕೂರಿಸಿ, ಅಡಿಯ ತೂತು ಮುಚ್ಚದ ಹಾಗೆ. ಮಣೆಯ ಕೆಳಗೆ ಹಳೆ ಸೈಕಲ್ ಟ್ಯೂಬಿನ ನಾಲ್ಕು ತುಂಡು ಇಟ್ಟರೆ ನಡುಕದ ಗುಂಯ್ ಕೂಡ ಇಳಿಯುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ಆಫ್ ಮಾಡಿ ಇಡಬೇಡಿ, ಬೂಷ್ಟು ಹಿಡಿಯುತ್ತದೆ. ದಿನಕ್ಕೆ ಅರ್ಧ ಗಂಟೆ ಓಡಿಸಿದರೆ ಒಳಗೆ ಬೆಚ್ಚಗಿರುತ್ತದೆ.

ಯಾರಿಗೆ ಯಾವುದು

ಲೆಕ್ಕ, ಟೈಪಿಂಗ್, ಮಕ್ಕಳ ಆನ್‌ಲೈನ್ ಪಾಠ, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಇಂಥ ಸಿಸ್ಟಂ ಸಾಮಾನ್ಯವಾಗಿ 150 ವ್ಯಾಟ್ ಒಳಗೇ ಮುಗಿಸುತ್ತದೆ. 100-240 ಇನ್‌ಪುಟ್‌ನ 450 ವ್ಯಾಟ್ ಬ್ರಾಂಜ್, ಹಿಂದೆ ಒಂದು ಆರ್ಕ್ಟಿಕ್ ಪಿ12 ನಾಲ್ಕು ಪಿನ್‌ನದ್ದು. ಅಷ್ಟು ಸಾಕು. ದುಡ್ಡು ಒಂದಕ್ಕೇ ಇದ್ದರೆ ಎಸ್‌ಎಂಪಿಎಸ್‌ಗೆ ಹಾಕಿ. ಫ್ಯಾನ್ ಕೆಟ್ಟರೆ ಫ್ಯಾನ್ ಒಂದೇ ಹೋಗುತ್ತದೆ, ಎಸ್‌ಎಂಪಿಎಸ್ ಹೋದರೆ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಗಬಹುದು.

ಗೇಮ್ ಆಡುವ ಹುಡುಗರ ಮನೆ ಬೇರೆ. ಆರ್‌ಟಿಎಕ್ಸ್ 4060 ತರಹದ 115 ವ್ಯಾಟ್ ಕಾರ್ಡ್‌ಗೆ 550 ಸಾಕು, ಆದರೆ ಸದ್ದು ಬೇಡ ಅಂದರೆ 650 ಗೋಲ್ಡ್. ಅರ್ಧ ಭಾರದಲ್ಲಿ ಓಡುವ ಎಸ್‌ಎಂಪಿಎಸ್ ಆರಾಮಾಗಿರುತ್ತದೆ. ಮುಂದೆ ಎರಡು ಫ್ಯಾನ್, ಹಿಂದೆ ಒಂದು. ಒಳಗೆ ಬರುವ ಗಾಳಿ ಹೊರಹೋಗುವುದಕ್ಕಿಂತ ಸ್ವಲ್ಪ ಜಾಸ್ತಿ ಇದ್ದರೆ ಸಂದಿಗಳಿಂದ ಧೂಳು ನುಗ್ಗದು.

ಬದಲಿಸುವಾಗ ಒಂದು ತಪ್ಪು ಮಾತ್ರ ಮಾಡಬೇಡಿ. ಕೇಬಲ್ ಬಿಚ್ಚಿ ಹಾಕುವ ಮಾಡ್ಯುಲರ್ ಎಸ್‌ಎಂಪಿಎಸ್ ಆದರೆ ಹಳೆಯದರ ಕೇಬಲ್ ಹೊಸದಕ್ಕೆ ಸಿಗಿಸಬೇಡಿ. ಕನೆಕ್ಟರ್ ಒಂದೇ ತರಹ ಕಂಡರೂ ಡಬ್ಬದ ಕಡೆಯ ಪಿನ್‌ಗಳ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ. ಐದು ವೋಲ್ಟ್ ಹೋಗುವ ಕಡೆ 12 ಹೋದರೆ ಹಾರ್ಡ್ ಡಿಸ್ಕ್ ಸುಟ್ಟು ಹೋಗುತ್ತದೆ. ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ಒಳಗಿನ ಫೋಟೋ ತೆಗೆದುಕೊಳ್ಳಿ.

ಸಾದಾ ಫ್ಯಾನ್, ಬ್ರಾಂಜ್ ಎಸ್‌ಎಂಪಿಎಸ್ ಶಿವಮೊಗ್ಗದ ಅಂಗಡಿಯಲ್ಲೇ ತಗೊಳ್ಳಿ. ಸ್ವಲ್ಪ ದುಬಾರಿಯಾದರೂ ಕೆಟ್ಟರೆ ಬಸ್ಸಿನಲ್ಲಿ ಹೋಗಿ ಮೇಜಿನ ಮೇಲಿಟ್ಟು ಕೇಳಬಹುದು. ಗೋಲ್ಡ್, ನಾಕ್ಟುವಾ ಬೇಕಾದರೆ ಬೆಂಗಳೂರಿನ ಎಸ್‌ಪಿ ರೋಡ್ ಅಥವಾ ಆನ್‌ಲೈನ್. ಎಲ್ಲಿ ತಂದರೂ ಬಿಲ್ ಇಟ್ಟುಕೊಳ್ಳಿ. ಹಾಕಿದ ಮೇಲೆ ಮಳೆ ಇಲ್ಲದ ಒಂದು ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, ಪಕ್ಕದಲ್ಲಿ ಕೂತು ಕೇಳಿ. ವಾಪಸ್ ಕೊಡುವ ದಿನ ಮುಗಿಯುವ ಮೊದಲು. ಜುಲೈನಲ್ಲಿ ತಂದರೆ ಅಂಥ ರಾತ್ರಿ ಸಿಗದು, ಆದ್ದರಿಂದ ನವೆಂಬರ್ ತನಕ ಕಾಯಿರಿ.